ಯಾವ ಟೂಲ್‌ಗೆ ದುಡ್ಡು ಹಾಕಬೇಕು? ನನ್ನ ನಾಲ್ಕು ವರ್ಷದ ಲೆಕ್ಕ

ಮನೆಯಲ್ಲೇ ಬೈಕ್, ಕಾರಿನ ಕೆಲಸ ಶುರು ಮಾಡಿದಾಗ ಎರಡು ಥರದ ಸಲಹೆ ಸಿಕ್ಕಿತ್ತು. "ಒಂದೇ ಸಲ ಒಳ್ಳೆ ಬ್ರಾಂಡಿನ ಫುಲ್ ಸೆಟ್ ತಗೊಂಡುಬಿಡು" ಅನ್ನೋದು ಒಂದು. "ಅಗ್ಗದ ಸೆಟ್ ತಗೋ, ಯಾವುದು ಮುರಿಯುತ್ತೋ ಅದನ್ನು ಮಾತ್ರ ಒಳ್ಳೇದು ತಗೋ" ಅನ್ನೋದು ಇನ್ನೊಂದು. ಎರಡನೆಯದು ಬುದ್ಧಿವಂತಿಕೆಯ ಮಾತು ಅನಿಸಿತು. ಅದನ್ನೇ ಹಿಡಿದೆ. ಮೊದಲ ವರ್ಷ ಅದರಿಂದಲೇ ಜಾಸ್ತಿ ದುಡ್ಡು ಕಳೆದುಕೊಂಡೆ.

ಯಾಕೆಂದರೆ ಅಗ್ಗದ ಪಾನ ಮುರಿಯುವುದೇ ಇಲ್ಲ. ಬಾಯಿ ಬಿಡುತ್ತದೆ, ಅಷ್ಟೇ. ಪಾನ ಹಾಗೇ ಇರುತ್ತದೆ, ಬೋಲ್ಟಿನ ಮೂಲೆ ಹೋಗಿರುತ್ತದೆ.

ನನಗೆ ಇದು ಗೊತ್ತಾಗಿದ್ದು ಬ್ರೇಕ್ ಪೈಪಿನ 10ರ ನಟ್ ಬಿಚ್ಚುವಾಗ. ಸಾದಾ ಓಪನ್ ಪಾನ ಹಾಕಿ ಎಳೆದೆ. ಕಟ್ ಅಂತ ಜಾರಿತು. ಟಾರ್ಚ್ ಹಿಡಿದು ನೋಡಿದರೆ ಎರಡು ಮೂಲೆಯಲ್ಲಿ ತುಕ್ಕು ಕೆರೆದುಹೋಗಿ ಬೆಳ್ಳಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ ಉಗುರಿಗೆ ಸಿಗುವ ಹಾಗೆ ಒಂದು ಚೂಪು ಅಂಚು ಎದ್ದಿತ್ತು. ಇನ್ನೊಂದು ಸಲ ಎಳೆಯಬಾರದಿತ್ತು, ಎಳೆದೆ. ನಟ್ ಪೂರ್ತಿ ದುಂಡಗಾಯಿತು. ಕೊನೆಗೆ ಪೈಪನ್ನೇ ಕತ್ತರಿಸಬೇಕಾಯಿತು. ಹೊಸ ಪೈಪು, ಫ್ಲೂಯಿಡ್, ಗಾಡಿ ಎಳೆಸಿಕೊಂಡು ಹೋದದ್ದು ಎಲ್ಲ ಸೇರಿದರೆ ಒಳ್ಳೆ ಬ್ರಾಂಡಿನ ಫ್ಲೇರ್ ನಟ್ ಸ್ಪಾನರ್ (ಪೈಪಿನ ನಟ್ಟನ್ನು ಸುತ್ತಲೂ ಹಿಡಿಯುವ ಪಾನ) ಐದಾರು ಬರುತ್ತಿತ್ತು. ಆಮೇಲೆ ಆ ಪಾನದ ಬಾಯಿಗೆ ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದೆ. 10.4 ಎಂಎಂ! ಒಳ್ಳೆಯದರಲ್ಲಿ 10.1 ಆಸುಪಾಸು ಇರುತ್ತದೆ.

ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಯಾವ ಟೂಲ್ ಕೈಕೊಟ್ಟಿತು, ಅದರ ಜೊತೆ ಏನು ಹಾಳಾಯಿತು, ಆ ಖರ್ಚು ಟೂಲ್ ಬೆಲೆಯ ಎಷ್ಟು ಪಟ್ಟು, ಇಷ್ಟೇ ಬರೆಯುವುದು. "ಪಾನಕ್ಕೂ ಜಮಾಖರ್ಚಾ?" ಅಂತ ಜೊತೆಯವರು ನಕ್ಕರು. ನಾನು ಬಿಡಲಿಲ್ಲ. ಮೂರು ವರ್ಷ ಆದಮೇಲೆ ನೋಡಿದರೆ, ನನ್ನ ಹತ್ತಿರ ಇದ್ದ ಅರವತ್ತು ಎಪ್ಪತ್ತು ಟೂಲ್‌ಗಳಲ್ಲಿ ಬೇರೆ ವಸ್ತು ಹಾಳು ಮಾಡಿದ್ದು ಐದೇ ಬಗೆ. ಫ್ಲೇರ್ ನಟ್ ಜಾಗಕ್ಕೆ ಹಾಕಿದ ಓಪನ್ ಪಾನ, 8ರಿಂದ 12ರವರೆಗಿನ ರಿಂಗ್ ಪಾನ, ಸ್ಟಾರ್ ಸ್ಕ್ರೂಡ್ರೈವರ್, 4, 5, 6ರ ಅಲೆನ್ ಕೀ (ಆರು ಮೂಲೆಯ ಕಡ್ಡಿ ಕೀ), ಟಾರ್ಕ್ ರೆಂಚ್ (ಬೋಲ್ಟನ್ನು ಇಷ್ಟೇ ಅಂತ ಅಳೆದು ಬಿಗಿ ಮಾಡುವುದು). ಸುತ್ತಿಗೆ, ಎಕ್ಸ್‌ಟೆನ್ಷನ್ ರಾಡ್, 17ರಿಂದ ಮೇಲಿನ ಸಾಕೆಟ್, ವೀಲ್ ನಟ್ ಬಿಚ್ಚುವ ಉದ್ದ ಹ್ಯಾಂಡಲ್, ಇವುಗಳ ಹೆಸರು ಎರಡನೇ ಕಾಲಮ್ಮಿನಲ್ಲಿ ಒಂದು ಸಲವೂ ಬಂದಿಲ್ಲ. ಎಲ್ಲ ಅಗ್ಗದವೇ, ಇವತ್ತಿಗೂ ಅವೇ.

ಹಾಗಾಗಿ ಬ್ರಾಂಡಿನ ದುಡ್ಡು ಆ ಐದಕ್ಕೆ ಮಾತ್ರ ಹಾಕಿದೆ. ಒಟ್ಟು ಖರ್ಚು ಬ್ರಾಂಡಿನ ಫುಲ್ ಸೆಟ್‌ನ ಮೂರನೇ ಒಂದು ಭಾಗ ಆಗಿರಬಹುದು. ಕಳೆದ ಹದಿನಾಲ್ಕು ಹದಿನೈದು ತಿಂಗಳಲ್ಲಿ ಒಂದೇ ಒಂದು ಬೋಲ್ಟ್ ದುಂಡಗಾಗಿಲ್ಲ. ನಕ್ಕವರಲ್ಲಿ ಇಬ್ಬರು ಈಗ ನನ್ನ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ಸ್ಕ್ರೂಡ್ರೈವರ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಹಳೆ ಜಪಾನಿ ಬೈಕಿನ ಕಾರ್ಬುರೇಟರ್ ಬೌಲ್ ಸ್ಕ್ರೂ ನಾಲ್ಕರಲ್ಲಿ ಮೂರನ್ನು ನಾನು ಹಾಳು ಮಾಡಿದ್ದೆ. ತಪ್ಪು ಅಗ್ಗದ ಸ್ಕ್ರೂಡ್ರೈವರಿನದು ಅಂದುಕೊಂಡು ದುಬಾರಿ ಫಿಲಿಪ್ಸ್ (ಮಾಮೂಲಿ ಸ್ಟಾರ್ ತುದಿಯದು) ತಂದೆ. ಅದೂ ಜಾರಿತು. ಆ ಸ್ಕ್ರೂ ಫಿಲಿಪ್ಸ್ ಅಲ್ಲವೇ ಅಲ್ಲ, ಜೆಐಎಸ್, ಅಂದರೆ ಜಪಾನಿ ಅಳತೆಯ ಸ್ಟಾರ್. ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದೇ ಗುರುತು. ಫಿಲಿಪ್ಸ್ ತುದಿ ಅದರಲ್ಲಿ ತಳದವರೆಗೆ ಕೂರುವುದಿಲ್ಲ. ಜಪಾನಿನ ವೆಸೆಲ್ ಕಂಪನಿಯ ಸ್ಕ್ರೂಡ್ರೈವರ್ ತಂದೆ. ಸ್ಕ್ರೂ ಮೇಲೆ ಇಟ್ಟ ತಕ್ಷಣ ಕೈಗೆ ಗೊತ್ತಾಗುತ್ತದೆ, ಅಲ್ಲಾಡುವುದೇ ಇಲ್ಲ. ನನ್ನ ಪೆಟ್ಟಿಗೆಯಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ವಾಪಸ್ ಕೊಟ್ಟಿದ್ದು ಬೇರೆ ಇಲ್ಲ.

ಅಲೆನ್ ಕೀಗೆ ವೇರಾ ಕಂಪನಿಯ ಹೆಕ್ಸ್ ಪ್ಲಸ್ ತಗೊಂಡೆ. ಅದು ಬರೀ ಮೂಲೆಗೆ ಒತ್ತುವುದಿಲ್ಲ, ಒತ್ತಡ ಹರಡುತ್ತದೆ. ಅಗ್ಗದ ಕೀಗಳನ್ನೂ ಎಸೆದಿಲ್ಲ. ತುದಿ ದುಂಡಗಾದರೆ ಗ್ರೈಂಡರಿನಲ್ಲಿ ಎರಡು ಮೂರು ಎಂಎಂ ತೆಗೆದರೆ ಹೊಸ ಅಂಚು ಸಿಗುತ್ತದೆ. ನಡುನಡುವೆ ನೀರಿಗೆ ಅದ್ದುತ್ತಾ ಇರಿ. ನೀಲಿ ಬಣ್ಣ ತಿರುಗಿತೋ, ಆ ತುದಿ ಮೆತ್ತಗಾಯಿತು ಅಂತಲೇ ಲೆಕ್ಕ.

ಸಾಕೆಟ್ ಅಗ್ಗದ್ದೇ ಸಾಕು, ಆದರೆ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ಬೋಲ್ಟಿಗೆ ಬೇಡ. ಕ್ರೋಮ್ ವನಾಡಿಯಂ ಅಂತ ಅಚ್ಚು ಇದೆ ಅಂತ ನಂಬಬೇಡಿ. ಉಕ್ಕು ಅದೇ ಇದ್ದರೂ ಕಾಯಿಸಿ ಗಟ್ಟಿ ಮಾಡಿದ ಹದ ಸರಿ ಇಲ್ಲದಿದ್ದರೆ ಏನು ಉಪಯೋಗ? ನಾನು ಒಂದು ಹಳೆ ಅರ ಇಟ್ಟುಕೊಂಡಿದ್ದೇನೆ. ಕಾಣದ ಕಡೆ ಒಂದು ಸಲ ಉಜ್ಜುತ್ತೇನೆ. ಅರ ಸುಲಭವಾಗಿ ಕಚ್ಚದಿದ್ದರೆ ಹದ ಇದೆ, ಸಲೀಸಾಗಿ ಪುಡಿ ಬಂದರೆ ಇಲ್ಲ. ಅಂಗಡಿಯಲ್ಲಿ ಅರ ಹಚ್ಚಲು ಬಿಡುವುದಿಲ್ಲ. ಅಲ್ಲಿ ನಾನು ನೋಡುವ ಗುರುತು ಬೇರೆ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಟಾರ್ಕ್ ರೆಂಚ್ ಮೇಲೆ ಒಂದು ಭಾನುವಾರ ಪೂರ್ತಿ ಕಳೆದೆ. ಇಟ್ಟ ಅಳತೆ ಮುಟ್ಟಿದಾಗ ಕ್ಲಿಕ್ ಅನ್ನುವ ಅಗ್ಗದ ರೆಂಚ್‌ನ ಚೌಕ ತುದಿಯನ್ನು ಬೆಂಚ್ ವೈಸಿಗೆ ಕಚ್ಚಿಸಿ ರೆಂಚನ್ನು ಅಡ್ಡಕ್ಕೆ ನಿಲ್ಲಿಸಿದೆ. ಚೌಕದ ನಡುವಿನಿಂದ ಹಿಡಿಕೆಯ ನಡುವಿಗೆ 35 ಸೆಂ.ಮೀ. ಅಲ್ಲಿ ಬಕೆಟ್ ನೇತು ಹಾಕಿ ಕ್ಲಿಕ್ ಅನ್ನುವವರೆಗೆ ಮೆಲ್ಲಗೆ ನೀರು ಸುರಿಯುತ್ತಾ ಬಂದೆ. ಬಕೆಟ್ ಸೇರಿ 10 ಕೆ.ಜಿ. ಆದರೆ ತಿರುಗಿಸುವ ಬಲ ಸುಮಾರು 34 ನ್ಯೂಟನ್ ಮೀಟರ್. ರೆಂಚಿನ ಸ್ವಂತ ಭಾರಕ್ಕೆ ಇನ್ನೂ ಒಂದೂವರೆ ನ್ಯೂಟನ್ ಮೀಟರ್ ಸೇರಿಸಬೇಕು, ಇದನ್ನು ಮೊದಲ ಸಲ ಮರೆತು ಎರಡು ಗಂಟೆ ಹಾಳಾಯಿತು. ಹೊಸದರಲ್ಲಿ ಅದು ನೂರಕ್ಕೆ ಮೂರರಷ್ಟೇ ತಪ್ಪುತ್ತಿತ್ತು, ಅಂದರೆ ಚೆನ್ನಾಗೇ ಇತ್ತು. ಒಂದು ವರ್ಷ ಸ್ಪ್ರಿಂಗ್ ಬಿಗಿ ಇದ್ದಹಾಗೇ ಪೆಟ್ಟಿಗೆಯಲ್ಲಿ ಬಿಟ್ಟಿದ್ದೆ. ಆಮೇಲೆ ನೋಡಿದರೆ ತಪ್ಪು ಹನ್ನೆರಡರ ಹತ್ತಿರ. ಆಯಿಲ್ ಡ್ರೈನ್ ಬೋಲ್ಟಿನ ಥ್ರೆಡ್ ಹೋಗಿದ್ದಕ್ಕೂ ಈ ರೆಂಚಿನ ಮೇಲೇ ಅನುಮಾನ ಬಂತು. ಈಗ ಕೆಲಸ ಮುಗಿದ ತಕ್ಷಣ ಕೆಳಗಿನ ಗೆರೆಗೆ ಇಳಿಸಿಡುತ್ತೇನೆ. ಆರು ತಿಂಗಳಿಗೊಮ್ಮೆ ಬಕೆಟ್ ಹೊರಗೆ ಬರುತ್ತದೆ.

ಈಗ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಬಂದಿರುವುದು 72 ಹಲ್ಲಿನ ಅಗ್ಗದ ರಾಚೆಟ್ (ಸಾಕೆಟ್ಟನ್ನು ಒಂದೇ ಕಡೆಗೆ ತಿರುಗಿಸುವ ಹ್ಯಾಂಡಲ್). ಹೋದ ತಿಂಗಳು ಎರಡು ಸಲ ಹಲ್ಲು ತಪ್ಪಿ, ಒಂದು ಸಲ ಗೆಣ್ಣು ತರಚಿತು. ಬಿಚ್ಚಿ ನೋಡಿದೆ, ಹಲ್ಲು ಸರಿ ಇದೆ, ಸ್ಪ್ರಿಂಗ್ ಸೋತಿದೆ. ಬೇರೆ ಸ್ಪ್ರಿಂಗ್ ಹಾಕಿ, ನಾನೇ ಬೆರೆಸಿದ ಗ್ರೀಸ್ ತುಂಬಿ ಮುಚ್ಚಿದ್ದೇನೆ. ಬೋಲ್ಟ್ ಯಾವುದೂ ಹಾಳಾಗಿಲ್ಲವಾದ್ದರಿಂದ ಎರಡನೇ ಕಾಲಮ್ ಇನ್ನೂ ಖಾಲಿ ಬಿಟ್ಟಿದ್ದೇನೆ.