ಬಸ್ಸು ಕೆಟ್ಟು ನಿಂತ ಊರು

ಪ್ರವಾಸಕ್ಕೆ ಹೊರಡುವಾಗ ನಾನೀಗ ಒಂದು ಮಧ್ಯಾಹ್ನವನ್ನು ಪೂರ್ತಿ ಖಾಲಿ ಇಟ್ಟುಕೊಳ್ಳುತ್ತೇನೆ. ಆ ಹೊತ್ತಿಗೆ ಟಿಕೆಟ್ ಇಲ್ಲ, ನೋಡಬೇಕಾದ ಜಾಗಗಳ ಪಟ್ಟಿ ಇಲ್ಲ. ಮೊದಲು ಹೀಗಿರಲಿಲ್ಲ. ಎಷ್ಟು ಗಂಟೆಗೆ ತಿಂಡಿ, ಎಷ್ಟು ಗಂಟೆಗೆ ದೇವಸ್ಥಾನ ಎಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಆ ಚೀಟಿ ಬಿಟ್ಟದ್ದು ಅಮ್ಮನ ಜೊತೆ ಹಂಪಿಗೆ ಹೊರಟ ಸಲ.

ಮೈಸೂರಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಹೊಸಪೇಟೆ ಬಸ್ಸು. ಹೇಮಕೂಟದ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡಬೇಕೆಂದು ಲೆಕ್ಕ ಹಾಕಿದ್ದೆ. ಗದಗ ದಾಟಿ ಹತ್ತು-ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಬಸ್ಸು ಕೆಟ್ಟು ನಿಂತಿತು. "ಹಿಂದಿನ ಗಾಡಿಗೆ ಹತ್ತಿಸ್ತೀನ್ರಿ, ಸ್ವಲ್ಪ ತಡೀರಿ" ಎಂದರು ಕಂಡಕ್ಟರ್. ನನಗೆ ಅಳುವೇ ಬಂದಿತ್ತು. ಅಮ್ಮ ಮಾತ್ರ ರಸ್ತೆ ಬದಿಯ ಬೋರ್ಡು ಓದುತ್ತ ನಿಂತಿದ್ದಳು.

"ಇದು ಲಕ್ಕುಂಡಿ ಕಣೇ. ಅತ್ತಿಮಬ್ಬೆಯ ಲಕ್ಕುಂಡಿ."

ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದ, ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದಳೋ! ಅವಳ ಊರನ್ನು ಮಾತ್ರ ಕಣ್ಣಲ್ಲಿ ಕಂಡಿರಲಿಲ್ಲ. ಕೊಪ್ಪಳ, ಹಂಪಿ ಎಲ್ಲ ಸೇರಿಸಿದ್ದ ನನ್ನ ಚೀಟಿಯಲ್ಲೂ ಈ ಹೆಸರಿರಲಿಲ್ಲ. ಅದಕ್ಕೆ ಇಂದಿಗೂ ನೋವಾಗುತ್ತದೆ. ಚೀಲ ಹೆಗಲಿಗೇರಿಸಿ ಇಬ್ಬರೂ ಊರೊಳಗೆ ನಡೆದೆವು.

ಮೊದಲು ಸಿಕ್ಕಿದ್ದು ಕಾಶಿವಿಶ್ವೇಶ್ವರ. ಒಂದೇ ಜಗಲಿಯ ಮೇಲೆ ಶಿವನ ಗುಡಿ, ಅದಕ್ಕೆ ಎದುರಾಗಿ ಸೂರ್ಯನ ಗುಡಿ. ನಾನು ಬಾಗಿಲುವಾಡಕ್ಕೆ ಮೊಬೈಲಿನ ಬೆಳಕು ಬಿಟ್ಟು ಫೋಟೋ ತೆಗೆದೆ. ಎಲ್ಲ ಬೂದು ಬೂದು, ಚಪ್ಪಟೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಎದ್ದು ಬಂದರು.

"ಹಂಗ ಎದುರು ಹಿಡಿದ್ರ ಏನೂ ಕಾಣಂಗಿಲ್ಲವ್ವಾ. ಬಾಜೂಕ ಹಿಡಿ."

ಮೊಬೈಲನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಅಡ್ಡಕ್ಕೆ ಹಿಡಿಸಿದರು. ಅಷ್ಟೇ, ಬಳ್ಳಿ ಎದ್ದು ನಿಂತಿತು. ಎಲೆಯ ಕೆಳಗೆ ಎಲೆ, ಅದರ ಸಂದಿನಲ್ಲಿ ನೆರಳು, ಸುರುಳಿಯ ಒಳಗೆ ಬೆರಳುಗುರಿನಷ್ಟು ಪುಟ್ಟ ಮುಖ. ಬೆಳಕು ಸರಿದಂತೆ ನೆರಳೂ ಸರಿದು ಬಳ್ಳಿ ಅಲುಗಿದ ಹಾಗೆ ಕಾಣುತ್ತಿತ್ತು. ಕೆತ್ತನೆಯನ್ನು ಹೀಗೆ ನೋಡಬೇಕೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಈಗ ಯಾವ ಗುಡಿಗೆ ಹೋದರೂ ಬೆಳಕು ಅಡ್ಡಕ್ಕೇ ಹಿಡಿಯುತ್ತೇನೆ. ಬೇಲೂರಿನ ಗೋಡೆಗಳನ್ನು ನೋಡಲು ಎಳೆಬಿಸಿಲಿನ ಹೊತ್ತಿಗೇ ಹೋಗುವುದೂ ಇದೇ ಕಾರಣಕ್ಕೆ.

ಅಮ್ಮ ಮೇಷ್ಟರಾಗಿದ್ದವಳೆಂದು ತಿಳಿದದ್ದೇ ತಡ, ಅಜ್ಜನ ಮಾತಿನ ರೀತಿಯೇ ಬದಲಾಯಿತು. "ಹೌದೇನ್ರೀ ಅಕ್ಕೋರ? ಹಂಗಾದ್ರ ಬಸದಿ ನೋಡದ ಹೋಗಬ್ಯಾಡ್ರಿ" ಎಂದು ತಾವೇ ಮುಂದೆ ನಡೆದರು. ದಾರಿಯಲ್ಲಿ ಮುಸುಕಿನ ಬಾವಿ. ಮೆಟ್ಟಿಲುಗಳ ನಡುವೆ ಗೂಡಿನಂಥ ಸಣ್ಣ ಸಣ್ಣ ಗುಡಿಗಳು. ಮಂಡಿನೋವಿಗೆ ಅಮ್ಮ ಇಳಿಯಲಿಲ್ಲ, ಮೇಲೆಯೇ ಕೂತು ನೀರು ನೋಡಿದಳು. ಅಜ್ಜನ ಮನೆಯಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂತು. ಹಣದ ಮಾತೆತ್ತಿದ್ದಕ್ಕೆ ಅವರು ಬೇಜಾರು ಮಾಡಿಕೊಂಡರು.

ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದ್ದು 1007ರಲ್ಲಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ, ತಂಪು ಕತ್ತಲು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದವಳು ಒಂದು ಕಂಬಕ್ಕೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಹೋಗೋಣವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಹೊಸಪೇಟೆ ಸೇರಿದಾಗ ರಾತ್ರಿಯಾಗಿತ್ತು. ಮರುದಿನ ಹಂಪಿ ನೋಡಿದೆವು, ಚೆನ್ನಾಗಿಯೇ ಇತ್ತು. ಆದರೆ ಆ ಪ್ರವಾಸವೆಂದರೆ ನನಗೆ ನೆನಪಾಗುವುದು ಬಸದಿಯ ಜಗಲಿ. ಅಮ್ಮ ಅಲ್ಲಿಂದಲೇ ತನ್ನ ಹಳೆಯ ಸಹೋದ್ಯೋಗಿಗೆ ಫೋನು ಹಚ್ಚಿದ್ದಳು. ನಡುಗುವ ದನಿಯಲ್ಲಿ, "ಎಲ್ಲಿದ್ದೀನಿ ಹೇಳಿ ನೋಡೋಣ" ಎಂದಳು. ಉತ್ತರಕ್ಕೂ ಕಾಯದೆ, "ಅತ್ತಿಮಬ್ಬೆ ಮನೇಲಿದ್ದೀನಿ ಕಣ್ರೀ" ಎಂದಳು.