ಟಿಪ್ಪಣಿಯಲ್ಲಿ ಯಾರ ಮಾತು ಯಾವುದು?

ಸಂಪ್ರಬಂಧ, ಅಂದರೆ ಸಂಶೋಧನಾ ಪ್ರಬಂಧ, ಬರೆಯಲು ಕುಳಿತಾಗ ಕಾಡುವ ತೊಡಕುಗಳಲ್ಲಿ ಹೆಚ್ಚಿನವು ತಿಂಗಳುಗಳ ಹಿಂದೆ ಗ್ರಂಥಾಲಯದಲ್ಲಿ ಅವಸರದಿಂದ ಗೀಚಿಕೊಂಡ ಟಿಪ್ಪಣಿಯಲ್ಲೇ ಹುಟ್ಟಿರುತ್ತವೆ. ಪುಸ್ತಕದಿಂದ ಇಳಿಸಿಕೊಂಡ ವಾಕ್ಯ ಯಾವುದು, ನಾವು ನಮ್ಮ ಮಾತಿನಲ್ಲಿ ಸಂಗ್ರಹಿಸಿದ್ದು ಯಾವುದು, ನಮಗೇ ಹೊಳೆದದ್ದು ಯಾವುದು ಎಂಬುದು ಆಗ ಸ್ಪಷ್ಟವಾಗಿದ್ದರೂ ಬರೆಯುವ ಹೊತ್ತಿಗೆ ಮರೆತುಹೋಗಿರುತ್ತದೆ.

ಆದ್ದರಿಂದ ಓದು ತೊಡಗುವ ಮೊದಲೇ ಹಾಳೆಯ ತಲೆಯಲ್ಲಿ ಲೇಖಕರು, ಕೃತಿ, ಪ್ರಕಾಶಕರು, ಮುದ್ರಣದ ವರ್ಷ ಇಷ್ಟನ್ನು ಬರೆದುಕೊಳ್ಳಿ. ಮರುಮುದ್ರಣದಲ್ಲಿ ಪುಟಸಂಖ್ಯೆ ಬದಲಾಗುವುದುಂಟು, ಹಾಗಾಗಿ ವರ್ಷವನ್ನು ಬಿಡಬೇಡಿ. ಯಥಾವತ್ತಾಗಿ ಇಳಿಸಿಕೊಂಡ ಮಾತು ಉದ್ಧರಣ ಚಿಹ್ನೆಯೊಳಗಿರಲಿ, ಸಂಗ್ರಹ ಚಿಹ್ನೆಯಿಲ್ಲದೆ ಇರಲಿ, ಸ್ವಂತ ಆಲೋಚನೆಯನ್ನು ಚೌಕ ಕಂಸದಲ್ಲಿ ‘ನನ್ನದು’ ಎಂದು ಗುರುತಿಸಿ ಬರೆಯಿರಿ. ಮೊದಲೆರಡಕ್ಕೂ ಪುಟಸಂಖ್ಯೆ ಬೇಕೇ ಬೇಕು.

ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳೋಣ. ಬೇಲೂರು ತಾಲ್ಲೂಕಿನ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ. ‘ಹಲ್ಮಿಡಿ ಶಾಸನ, ಕ್ರಿ.ಶ. 450’ ಎಂದಷ್ಟೇ ಬರೆದುಕೊಂಡ ವಿದ್ಯಾರ್ಥಿ, ಆ ವರ್ಷ ಕಲ್ಲಿನ ಮೇಲೆಯೇ ಇದೆಯೆಂಬಂತೆ ಪ್ರಬಂಧದಲ್ಲಿ ಬರೆದುಬಿಡುತ್ತಾನೆ. ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಲಿಪಿ, ಭಾಷೆ ಮತ್ತು ಅದರಲ್ಲಿ ಬರುವ ಅರಸನ ಹೆಸರನ್ನು ಆಧರಿಸಿ ಹಲವು ವಿದ್ವಾಂಸರು ಸುಮಾರು 450 ಎನ್ನುತ್ತಾರೆ, ಕೆಲವರು ಅದನ್ನು ಇನ್ನೂ ಈಚೆಗೆ ತರುತ್ತಾರೆ. ಟಿಪ್ಪಣಿ ಹೀಗಿದ್ದರೆ ಸರಿ: ‘ಕಾಲ ಸು. 450, ಲಿಪಿಯ ಆಧಾರದಿಂದ, ಇಂಥವರ ಅಭಿಪ್ರಾಯ, ಪು. ಇಂತಿಷ್ಟು. [ನನ್ನದು: ಈಚಿನ ಕಾಲ ಹೇಳುವವರ ಆಧಾರವೇನು?]’ ಕಂಸದೊಳಗಿನ ಆ ಒಂದು ಪ್ರಶ್ನೆಯೇ ಮುಂದೆ ಪ್ರಬಂಧದ ಒಂದು ಭಾಗವಾಗಿ ಬೆಳೆಯಬಹುದು.

ಸಂಗ್ರಹಿಸುವಾಗ ಪುಸ್ತಕವನ್ನು ಮುಚ್ಚಿಟ್ಟು ಬರೆಯಿರಿ. ತೆರೆದಿಟ್ಟು ಬರೆದರೆ ನಾಲ್ಕು ಪದ ಬದಲಾದ ನಕಲು ಮಾತ್ರ ಸಿದ್ಧವಾಗುತ್ತದೆ, ಮತ್ತು ಅಂಥ ನಕಲನ್ನು ಮಾರ್ಗದರ್ಶಕರು ಎರಡು ಸಾಲಿನಲ್ಲೇ ಪತ್ತೆಹಚ್ಚುತ್ತಾರೆ. ಬರೆದಾದ ಮೇಲೆ ಪುಸ್ತಕ ತೆರೆದು ಹೆಸರು, ಅಂಕಿಗಳನ್ನು ತಾಳೆನೋಡಿ. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದುಕೊಳ್ಳುವುದನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಚಿತ್ರ ತೆಗೆದ ಪುಟವನ್ನು ಓದಿದ ಪುಟವೆಂದು ಎಣಿಸಬೇಡಿ.

ಪ್ರಬಂಧದಲ್ಲಿ ಕ್ರಿಯಾಪದದ ಆಯ್ಕೆಗೂ ಟಿಪ್ಪಣಿಯೇ ಆಧಾರ. ಆಧಾರ ಕೊಟ್ಟು ಹೇಳಿದವರನ್ನು ‘ತೋರಿಸಿದ್ದಾರೆ’ ಎಂದೂ ಎದುರುವಾದಕ್ಕೆ ಉತ್ತರಿಸಿದವರನ್ನು ‘ವಾದಿಸುತ್ತಾರೆ’ ಎಂದೂ ಬರೆಯಬೇಕು. ಆಧಾರ ತೆಳುವಾಗಿದ್ದರೆ ‘ಊಹಿಸುತ್ತಾರೆ’ ಎಂದರೆ ಸಾಕು. ಎಲ್ಲರಿಗೂ ‘ಹೇಳುತ್ತಾರೆ’ ಎಂದೇ ಬರೆಯುತ್ತ ಹೋದಿರೆಂದರೆ, ಟಿಪ್ಪಣಿ ಮಾಡುವಾಗ ಆಧಾರವನ್ನು ಬಿಟ್ಟು ತೀರ್ಮಾನವನ್ನಷ್ಟೇ ಇಳಿಸಿಕೊಂಡಿದ್ದೀರಿ; ಆ ಪುಟಕ್ಕೆ ಮರಳಿ ಹೋಗಬೇಕು.