ಇಗರ್ಜಿಯ ಕರೆಂಟ್ ಬಿಲ್: ಫ್ಯಾನಿಗಿಂತ ಮೊದಲು ಹೊರಗಿನ ದೀಪ ನೋಡಿ

ಕರಾವಳಿಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಕರೆಂಟ್ ಉಳಿಸುವ ಮಾತೆತ್ತಿದರೆ ಮೊದಲು ಬರುವುದು ಸೋಲಾರ್, ಆಮೇಲೆ ಫ್ಯಾನ್. ಲೆಕ್ಕಕ್ಕೆ ಕೂತರೆ ಎರಡೂ ಮೊದಲ ಕೆಲಸವಲ್ಲ.

ಗೋಪುರಕ್ಕೂ ಅಂಗಳಕ್ಕೂ ಹಾಕಿದ 500 ವ್ಯಾಟ್‌ನ ಎರಡು ಹ್ಯಾಲೋಜೆನ್ ರಾತ್ರಿಗೆ 10 ಗಂಟೆ ಉರಿದರೆ ದಿನಕ್ಕೆ 10 ಯೂನಿಟ್, ವರ್ಷಕ್ಕೆ 3,650. ಬದಲಿಗೆ 100 ವ್ಯಾಟ್‌ನ ಎರಡು ಎಲ್‌ಇಡಿ ಹಾಕಿ, ಟೈಮರ್‌ನಿಂದ ಸಂಜೆ 6.30ಕ್ಕೆ ಹಚ್ಚಿ 10.30ಕ್ಕೆ ಆರಿಸಿದರೆ ದಿನಕ್ಕೆ 0.8 ಯೂನಿಟ್ ಸಾಕು. ಟೈಮರ್ ಬ್ಯಾಟರಿ ಬ್ಯಾಕಪ್ ಇರುವುದೇ ಆಗಬೇಕು. ಇಲ್ಲದಿದ್ದರೆ ಕರೆಂಟ್ ಹೋದಷ್ಟು ಹೊತ್ತು ಗಡಿಯಾರ ನಿಂತು, ದೀಪ ಹೊತ್ತಲ್ಲದ ಹೊತ್ತಿನಲ್ಲಿ ಉರಿಯತೊಡಗುತ್ತದೆ. ಫಿಟ್ಟಿಂಗ್ ಧೂಳು, ಮಳೆನೀರು ಒಳಹೋಗದ ಐಪಿ 65 ದರ್ಜೆಯದ್ದಿರಲಿ, ವಯರ್ ಕೆಳಗಿನಿಂದ ಒಳಹೋಗಲಿ. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ಹಠಾತ್ತನೆ ಏರುವ ವೋಲ್ಟೇಜ್ ತಡೆಯುವ ಸಾಧನ) ಇಲ್ಲದಿದ್ದರೆ ಮೊದಲ ಸಿಡಿಲಿಗೇ ಎಲ್‌ಇಡಿ ಡ್ರೈವರ್ ಸುಟ್ಟೀತು.

ಇನ್ನು ಫ್ಯಾನ್. ಸಾದಾ ಫ್ಯಾನಿಗೆ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿಗೆ ಸುಮಾರು 30. 40 ಫ್ಯಾನ್ ವಾರಕ್ಕೆ 6 ಗಂಟೆ ತಿರುಗಿದರೆ ವರ್ಷದ ಉಳಿತಾಯ 560 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 4,500 ರೂಪಾಯಿ. ಒಂದಕ್ಕೆ 3,000ದಂತೆ ಎಲ್ಲ ಬದಲಿಸಲು 1.2 ಲಕ್ಷ ಬೇಕು. ಹಾಕಿದ ದುಡ್ಡು ಹುಟ್ಟುವುದರೊಳಗೆ ಫ್ಯಾನೇ ಹಳತಾಗಿರುತ್ತದೆ. ದಿನದ ಪೂಜೆಗೆ ಜನ ಕೂರುವ ಮುಂದಿನ ಸಾಲುಗಳಿಗೆ ಮಾತ್ರ ಬಿಎಲ್‌ಡಿಸಿ ಹಾಕಿ, ಉಳಿದವು ಸುಟ್ಟಾಗ ನೋಡಿದರಾಯಿತು. ಹಳೆಯ ರೆಗ್ಯುಲೇಟರ್ ಕಳಚಿ ನೇರ ಲೈನ್ ಕೊಡಿ, ಇಲ್ಲವಾದರೆ ಹೊಸ ಫ್ಯಾನಿನೊಳಗಿನ ಸರ್ಕ್ಯೂಟ್ ಹಾಳಾಗಬಹುದು. ರಿಮೋಟ್ ಒತ್ತಿದರೆ ಅಕ್ಕಪಕ್ಕದ ಫ್ಯಾನ್‌ಗಳೂ ನಿಲ್ಲುವ ಫಜೀತಿ ಬೇರೆ. ಗೋಡೆ ಸ್ವಿಚ್ಚಿನಿಂದಲೇ ವೇಗ ಬದಲಾಗುವ ಮಾದರಿ ಕೇಳಿ.

ಇದಕ್ಕಿಂತ ಅಗ್ಗದ ದಾರಿ ಸ್ವಿಚ್ ಬೋರ್ಡಿನಲ್ಲಿದೆ. ಮೂವತ್ತು ಜನರ ಪೂಜೆಗೆ ಒಂದೇ ಎಂಸಿಬಿಯಲ್ಲಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚಿನಲ್ಲಿ) ಇಡೀ ಇಗರ್ಜಿಯ ಫ್ಯಾನ್ ತಿರುಗುವುದು ಸಾಮಾನ್ಯ. ಎರಡೆರಡು ಸಾಲಿಗೊಂದು ಸ್ವಿಚ್ ಮಾಡಿಸಿ, ಸಾಲಿನ ಸಂಖ್ಯೆ ಬರೆಸಿ. ರಾಡ್ ಉದ್ದವಾಗಿರಲಿ: ರೆಕ್ಕೆ ನೆಲದಿಂದ 9–10 ಅಡಿಯಲ್ಲಿದ್ದರೆ ಗಾಳಿ ಬೆಂಚಿಗೆ ಬರುತ್ತದೆ, 20 ಅಡಿಯಲ್ಲಿದ್ದರೆ ಹೆಂಚಿನಡಿಯ ಬಿಸಿಗಾಳಿಯನ್ನೇ ಕಲಕುತ್ತದೆ. ಆ ಬಿಸಿ ಹೊರಹೋಗುವುದು ಹೆಂಚಿನ ಸಂದಿನಿಂದ ಮತ್ತು ಮೇಲಿನ ಕಿಂಡಿಗಳಿಂದ. ಅಂದಕ್ಕೆಂದು ಕಿಂಡಿ ಮುಚ್ಚಬೇಡಿ. ಹೆಂಚು ತೆಗೆದು ತಗಡು ಹೊದಿಸುವುದಂತೂ ಬೇಡವೇ ಬೇಡ. ಹಗಲ ಬೆಳಕಿಗೆ ಉತ್ತರದ ಇಳಿಜಾರಿನಲ್ಲಿ ಒಂದಷ್ಟು ಗಾಜಿನ ಹೆಂಚು ಸಾಕು.

ಬಿಲ್ಲಿನಲ್ಲಿ ಮಂಜೂರಾದ ಲೋಡನ್ನೂ, ಅಂದರೆ ಒಮ್ಮೆಗೆ ಎಷ್ಟು ಕರೆಂಟ್ ಎಳೆಯಲು ಅನುಮತಿ ಇದೆಯೆಂಬುದನ್ನೂ ನೋಡಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳೂ ಬೀಳುತ್ತದೆ, ಇಗರ್ಜಿಗೆ ಬೀಗ ಹಾಕಿದ್ದರೂ. ಕ್ರಿಸ್ಮಸ್ ಅಲಂಕಾರಕ್ಕೆಂದು ಲೋಡ್ ಏರಿಸುವ ಬದಲು ಮೆಸ್ಕಾಂನಂಥ ನಿಮ್ಮೂರಿನ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ.

ಸೋಲಾರ್ ಇಷ್ಟೆಲ್ಲ ಆದ ಮೇಲೆ. 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್, ಮಳೆಗಾಲದಲ್ಲಿ ಅದಕ್ಕೂ ಕಡಿಮೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಸೋಲಾರ್ ಸಬ್ಸಿಡಿ ಮನೆಗಳಿಗೆ, ವಸತಿ ಸಂಘಗಳಿಗೆ ಮಾತ್ರ, ಅದನ್ನು ನಂಬಿ ಬಜೆಟ್ ಮಾಡಬೇಡಿ. ಪ್ಯಾನೆಲ್ ಸಭಾಭವನದ ಕಾಂಕ್ರೀಟ್ ತಾರಸಿಗೆ ಹಾಕಿಸಿ. ಹೆಂಚಿನ ಮಾಡಿಗೆ ಹತ್ತಿದರೆ ಒಡೆದ ಹೆಂಚು ಜೂನ್ ಮಳೆಯಲ್ಲಷ್ಟೇ ಗೊತ್ತಾಗುತ್ತದೆ, ಪಕ್ಕಾಸಿಗೆ (ಹೆಂಚು ಹೊತ್ತ ಮರದ ಪಟ್ಟಿಗೆ) ನೀರಿಳಿದ ಮೇಲೆ.